ಅತಿಥಿಯೋ, ಒಕ್ಕಲೋ?

ಕಳೆದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಒಂದು ಪತ್ರ ಬಂದಿತು. ಈಗಿನ ಕಾಲದ ಪತ್ರವೆಂದರೆ ಮಿಂಚಂಚೆ. ಆದರೂ ಬರೆದಿದ್ದುದು ಕನ್ನಡದಲ್ಲಿ, ಅದೂ ಮೂರು ಪುಟದಷ್ಟು. ಆದುದರಿಂದ ಅದನ್ನು ಪತ್ರವೆಂದೇ ಕರೆಯುತ್ತೇನೆ. ವಿಜ್ಞಾನದ ಪದವಿ ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಕುಳಿತು ನನ್ನ ಕನ್ನಡ ಪಾಠಕ್ಕೆ ಕಿವಿಗೊಡುತ್ತಿದ್ದ ಹುಡುಗಿ ಅವಳು. ಮುಂದೆ ಗಣಕಶಾಸ್ತ್ರದಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಈಗ ನಾಲ್ಕು ವರ್ಷಗಳಿಂದ ಗಂಡ ಮತ್ತು ಮಗಳೊಡನೆ ಜರ್ಮನಿಯ ದಕ್ಷಿಣದ ಒಂದು ಊರಿನಲ್ಲಿದ್ದಾಳೆ. ಪತ್ರದ ನಡುವೆ ಒಂದು ಪ್ರಶ್ನೆಯಿತ್ತು.

“ಮೇಷ್ಟ್ರೆ, ನನ್ನ ನಿವಾಸದ ಪರವಾನಗಿಯ ಅವಧಿ ಮುಗಿದುಹೋಯಿತು. ಮುಗಿಯುವುದಕ್ಕೆ ಮೊದಲೇ ಹೊಸದಕ್ಕೆ ಅರ್ಜಿ ಹಾಕಿದ್ದೇನೆ. ಕಚೇರಿಯಲ್ಲಿ ಇನ್ನೂ ಸರದಿ ಬಂದಿಲ್ಲ. ಅಲ್ಲಿಯವರೆಗೆ ಇರಲೆಂದು ಒಂದು ಕಾಗದ ಕೊಟ್ಟಿದ್ದಾರೆ. ಅದರ ಹೆಸರು ‘ಫಿಕ್‌ತ್ಸಿಯೋನ್ಸ್‌ಬೆಶೈನಿಗುಂಗ್’. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು?”

ಬಾಯಿ ತುಂಬುವ ಈ ಪದವನ್ನು ಬಿಡಿಸಿದರೆ ಎರಡು ತುಂಡು. ಹಿಂದಿನದು ಕಲ್ಪನೆ, ಮುಂದಿನದು ಪ್ರಮಾಣಪತ್ರ. ನಿಜದಲ್ಲಿ ಪರವಾನಗಿಯ ಗಡುವು ತೀರಿದೆ. ಆದರೆ ಅರ್ಜಿಯ ತೀರ್ಮಾನವಾಗುವವರೆಗೆ ಅದು ತೀರಿಲ್ಲವೆಂದು ಕಾನೂನು ಭಾವಿಸಿಕೊಳ್ಳುತ್ತದೆ. ಹಾಗೆ ಭಾವಿಸಿಕೊಂಡಿದ್ದೇನೆಂದು ಬರೆದುಕೊಡುತ್ತದೆ. ಇಪ್ಪತ್ತು ವರ್ಷ ಕಾವ್ಯ, ಕಾದಂಬರಿ ಪಾಠ ಹೇಳಿದ ನನಗೆ ಕಲ್ಪನೆಗೆ ಸರಕಾರದ ಮೊಹರು ಬೀಳುತ್ತದೆಂಬುದು ತಿಳಿದಿರಲಿಲ್ಲ. “ನೀವು ಕಾದಂಬರಿಯ ಪಾತ್ರಗಳನ್ನು ವಿವರಿಸುತ್ತಿದ್ದಿರಿ, ಈಗ ನಾನೇ ಒಂದು ಪಾತ್ರವಾಗಿದ್ದೇನೆ” ಎಂದು ಆಕೆ ತಮಾಷೆಯಾಗಿಯೇ ಬರೆದಿದ್ದಳು.

ಪತ್ರದ ಕಡೆಯ ಭಾಗದಲ್ಲಿ ತಮಾಷೆ ಇರಲಿಲ್ಲ. ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಊರಿನಲ್ಲಿ ತೀರಿಕೊಂಡಿದ್ದರು. ಅವಳು ಬರಲಿಲ್ಲ. ಆ ಕಲ್ಪನೆಯ ಕಾಗದದಲ್ಲಿ ಸಣ್ಣ ಚೌಕಗಳಿರುತ್ತವೆ. ಒಂದು ಚೌಕಕ್ಕೆ ಗುರುತು ಬಿದ್ದಿದ್ದರೆ ದೇಶ ಬಿಟ್ಟು ಹೋಗಿ ಮರಳಿ ಬರಬಹುದು, ಇನ್ನೊಂದಕ್ಕೆ ಬಿದ್ದಿದ್ದರೆ ಮರಳಲಾಗದು. ಅವಳದು ಮರಳಬಹುದಾದ ಚೌಕವೇ. ಆದರೆ ಬೆಂಗಳೂರಿನಿಂದ ಹಿಂದಿರುಗುವಾಗ ವಿಮಾನದ ಕಟ್ಟೆಯಲ್ಲಿ ಕುಳಿತ ಗುಮಾಸ್ತನಿಗೆ ಈ ಕಾಗದದ ಅರ್ಥ ಗೊತ್ತಿರದಿದ್ದರೆ? ನಾಲ್ಕು ವರ್ಷದ ಸಂಸಾರ, ಮಗಳ ಶಾಲೆ, ಉದ್ಯೋಗ ಎಲ್ಲವೂ ಆ ಗುಮಾಸ್ತನ ತಿಳಿವಳಿಕೆಯ ಮೇಲೆ ನಿಲ್ಲಬೇಕೇ ಎಂದು ಅಂಜಿ ಅವಳು ಅಲ್ಲಿಯೇ ಉಳಿದಳು.

ಈ ಪತ್ರ ಓದಿದ ಮೇಲೆ, ಕುಶಲ ಕೆಲಸಗಾರರನ್ನು ಹೊರನಾಡಿನಿಂದ ಕರೆಸಿಕೊಳ್ಳುವ ದೇಶಗಳು ಅವರಿಗೆ ಕೊಡುವ ಪರವಾನಗಿಗಳ ವಿಷಯವಾಗಿ ಸ್ವಲ್ಪ ಓದಿದೆ. ನಾನು ಕಾನೂನು ಬಲ್ಲವನಲ್ಲ, ಭಾಷೆಯ ಮೇಷ್ಟರು. ಆದುದರಿಂದ ನನ್ನ ಗಮನವೆಲ್ಲ ಪದಗಳ ಮೇಲೆಯೇ ಹೋಯಿತು. ಈ ಕಥೆಯಲ್ಲಿ ಅರ್ಧ ಪಾಲು ಒಂದು ಪದದ ಕಥೆಯೇ ಆಗಿದೆ.

ಆ ಪದ ‘ಗಾಸ್ಟ್‌ಆರ್ಬೈಟರ್’. ಗಾಸ್ಟ್ ಎಂದರೆ ಅತಿಥಿ, ಆರ್ಬೈಟರ್ ಎಂದರೆ ಕೆಲಸಗಾರ, ಅತಿಥಿ ಕೆಲಸಗಾರ. ಎರಡನೆಯ ಮಹಾಯುದ್ಧದಲ್ಲಿ ಸುಟ್ಟು ಬೂದಿಯಾದ ಪಶ್ಚಿಮ ಜರ್ಮನಿ ಹತ್ತೇ ವರ್ಷಗಳಲ್ಲಿ ಎದ್ದು ನಿಂತಾಗ ಕಾರ್ಖಾನೆಗಳಿಗೂ ಗಣಿಗಳಿಗೂ ಆಳು ಸಾಲದೆ ಹೋಯಿತು. ೧೯೫೫ರ ಡಿಸೆಂಬರಿನಲ್ಲಿ ಇಟಲಿಯೊಡನೆ ಒಂದು ಕರಾರಾಯಿತು. ೧೯೬೦ರಲ್ಲಿ ಸ್ಪೇನ್ ಮತ್ತು ಗ್ರೀಸ್, ೧೯೬೧ರಲ್ಲಿ ತುರ್ಕಿ, ೧೯೬೪ರಲ್ಲಿ ಪೋರ್ಚುಗಲ್, ೧೯೬೮ರಲ್ಲಿ ಯುಗೋಸ್ಲಾವಿಯ, ಹೀಗೆ ಕರಾರುಗಳು ಬೆಳೆದುವು. ಬಂದವರನ್ನು ಏನೆಂದು ಕರೆಯಬೇಕು? ‘ಪರಕೀಯ ಕೆಲಸಗಾರ’ ಎಂಬ ಹಳೆಯ ಮಾತೊಂದಿತ್ತು. ಹಿಟ್ಲರನ ಕಾಲದಲ್ಲಿ ಬಲವಂತದಿಂದ ಹಿಡಿದು ತಂದು ದುಡಿಸಿದವರ ನೆನಪು ಅದಕ್ಕೆ ಅಂಟಿಕೊಂಡಿತ್ತು. ಅದನ್ನು ಬಿಟ್ಟು ‘ಅತಿಥಿ’ ಎಂಬ ಸೌಮ್ಯವಾದ ಮಾತನ್ನು ಹಿಡಿದರು. ನೋಡುವುದಕ್ಕೆ ಎಷ್ಟು ಸೌಜನ್ಯದ ಮಾತು! ಆದರೆ ಅತಿಥಿಯೆಂದ ಕೂಡಲೆ ಇನ್ನೊಂದು ಅರ್ಥವೂ ಬಾಯಿಬಿಡದೆ ಹಿಂದೆ ಬರುತ್ತದೆ: ಅತಿಥಿ ಎಂದಾದರೊಂದು ದಿನ ಎದ್ದು ಹೋಗತಕ್ಕವನು.

ನಮ್ಮವರು ಅತಿಥಿ ಶಬ್ದಕ್ಕೆ ಎರಡು ಬಗೆಯ ನಿಷ್ಪತ್ತಿಗಳನ್ನು ಹೇಳುವುದುಂಟು. ತಿಥಿಯನ್ನು ಮೊದಲೇ ತಿಳಿಸದೆ ಬರುವವನು ಎಂಬುದು ಜನಪ್ರಿಯವಾದದ್ದು. ಮನುಸ್ಮೃತಿಯ ವಿವರಣೆ ಬೇರೆ. ಒಂದೇ ರಾತ್ರಿ ತಂಗುವವನು, ಅವನ ಇರವು ನಿತ್ಯವಲ್ಲವಾದುದರಿಂದಲೇ ಅವನು ಅತಿಥಿ ಎನ್ನುತ್ತದೆ ಅದು. ಜರ್ಮನಿಯ ಅಧಿಕಾರಿಗಳು ಮನುವನ್ನು ಓದಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಅವರ ವ್ಯವಸ್ಥೆ ಈ ಎರಡನೆಯ ಅರ್ಥದ ಮೇಲೆಯೇ ನಿಂತಿತ್ತು. ತುರ್ಕಿಯೊಡನೆ ಆದ ಮೊದಲ ಕರಾರಿನಲ್ಲಿ ಎರಡು ವರ್ಷದ ಗಡುವು ಹಾಕಿದ್ದರು: ಒಬ್ಬ ಹೋಗಬೇಕು, ಅವನ ಸ್ಥಾನಕ್ಕೆ ಇನ್ನೊಬ್ಬ ಬರಬೇಕು, ಏತದ ಬಾನಿಯಂತೆ.

ಇಲ್ಲಿ ನನ್ನದೊಂದು ಸ್ವಂತ ಮಾತು, ವಾಚಕರು ಮನ್ನಿಸಬೇಕು. ನಾನೂ ಆರು ವರ್ಷ ಅತಿಥಿಯಾಗಿದ್ದವನು. ನಮ್ಮ ನಾಡಿನ ಪದವಿ ಕಾಲೇಜುಗಳಲ್ಲಿ ‘ಅತಿಥಿ ಉಪನ್ಯಾಸಕ’ ಎಂಬ ಒಂದು ವರ್ಗವಿರುವುದು ಎಲ್ಲರಿಗೂ ತಿಳಿದದ್ದೇ. ಪರೀಕ್ಷೆ ಮುಗಿದರೆ ಸಂಬಳ ಮುಗಿಯಿತು. ಕಾಲೇಜು ತೆರೆದಾಗ ಮತ್ತೆ ಹೊಸ ಅರ್ಜಿ, ಮತ್ತೆ ಅದೇ ಅಂಕಪಟ್ಟಿಯ ನಕಲು. ಬಾಡಿಗೆಗೆ ಮನೆ ಕೇಳಲು ಹೋದರೆ ಮನೆಯ ಯಜಮಾನರು ಮೊದಲು ಕೇಳುತ್ತಿದ್ದುದು “ಪರ್ಮನೆಂಟೋ?” ಎಂದು; ಹೆಣ್ಣು ನೋಡಲು ಹೋದಲ್ಲಿಯೂ ಅದೇ ಪ್ರಶ್ನೆ. ಕರೆದವರು ಅತಿಥಿ ಎಂದರು, ನಿಜ. ಆ ಆರು ವರ್ಷಗಳಲ್ಲಿ ನನ್ನನ್ನು ಉಪಚರಿಸಿದವರು ಯಾರೂ ಇಲ್ಲ. ಗೌರವದ ಶಬ್ದವೊಂದು ಅನಿಶ್ಚಯದ ಹೆಸರಾಗುವ ಬಗೆ ಹೇಗೆಂಬುದನ್ನು ನಾನು ನಿಘಂಟಿನಿಂದ ಕಲಿತದ್ದಲ್ಲ.

ಆದರೆ ನಾನು ನನ್ನ ನೆಲದಲ್ಲಿಯೇ ಅತಿಥಿಯಾಗಿದ್ದೆ. ಕೆಲಸ ಹೋದರೆ ಊರಿನಿಂದ ಎದ್ದುಹೋಗು ಎನ್ನುವವರಿರಲಿಲ್ಲ. ಹೊರನಾಡಿನ ಕೆಲಸಗಾರನಿಗೆ ದುಡಿಮೆಯ ಅನುಮತಿ, ಇರುವಿಕೆಯ ಅನುಮತಿ ಎರಡೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ಒಂದು ಜಾರಿದರೆ ಇನ್ನೊಂದೂ ಜಾರುತ್ತದೆ.

೧೯೬೪ರ ಸೆಪ್ಟೆಂಬರ್ ೧೦ರಂದು ಕೊಲೋನ್ ನಗರದ ಡಾಯ್ಟ್ಸ್ ರೈಲು ನಿಲ್ದಾಣದಲ್ಲಿ ನಡೆದ ಒಂದು ಪ್ರಸಂಗವನ್ನು ಜರ್ಮನಿಯ ಶಾಲಾಪುಸ್ತಕಗಳು ಈಗಲೂ ಹೇಳುತ್ತವೆ. ಸ್ಪೇನ್, ಪೋರ್ಚುಗಲ್‌ಗಳಿಂದ ಬಂದ ರೈಲಿನಿಂದ ದಣಿದ ಗಂಡಸರು ಇಳಿಯುತ್ತಿದ್ದರು. ಧ್ವನಿವರ್ಧಕದಲ್ಲಿ ಒಂದು ಹೆಸರು ಕೂಗಿತು: ಅರ್ಮಾಂದೊ ರೊದ್ರಿಗೆಸ್ ದ ಸಾ. ಪೋರ್ಚುಗಲ್ಲಿನ ಹಳ್ಳಿಯೊಂದರ ಬಡಗಿ, ಮೂವತ್ತೆಂಟು ವಯಸ್ಸು. ತನ್ನನ್ನು ಹಿಂದಕ್ಕೆ ಕಳಿಸುತ್ತಾರೆಂದು ಹೆದರಿ ಆತ ಮುಂದೆ ಬಂದ. ಹೆದರಬೇಕಾಗಿರಲಿಲ್ಲ. ಪಟ್ಟಿಯಲ್ಲಿ ಕಣ್ಣುಮುಚ್ಚಿ ಆರಿಸಿದಂತೆ ಅವನನ್ನು ‘ಹತ್ತು ಲಕ್ಷದನೆಯ ಅತಿಥಿ’ ಎಂದು ಗೊತ್ತುಮಾಡಿದ್ದರು. ವಾದ್ಯ ಮೊಳಗಿತು, ಕೈಗೆ ಹೂಗುಚ್ಛ, ಮುಂದೆ ಒಂದು ಹೊಸ ಮೊಪೆಡ್. ಅಗಲವಾದ ಟೋಪಿ ಧರಿಸಿ, ಏನಾಗುತ್ತಿದೆಯೆಂದು ತಿಳಿಯದ ಕಣ್ಣುಗಳಿಂದ ಆತ ಆ ಗಾಡಿಯ ಮೇಲೆ ಕುಳಿತ ಛಾಯಾಚಿತ್ರ ಜಗತ್ಪ್ರಸಿದ್ಧವಾಯಿತು. ಆ ಗಾಡಿ ಈಗ ಬಾನ್ ನಗರದ ಇತಿಹಾಸ ಸಂಗ್ರಹಾಲಯದಲ್ಲಿದೆ.

ಛಾಯಾಚಿತ್ರದ ಮುಂದಿನ ಕಥೆ ಅಷ್ಟು ಪ್ರಸಿದ್ಧವಲ್ಲ. ಕೆಲವು ವರ್ಷ ದುಡಿದು ಆತ ಊರಿಗೆ ಮರಳಿದ. ಹೊಟ್ಟೆಯ ಅರ್ಬುದರೋಗ ಹಿಡಿಯಿತು. ಜರ್ಮನಿಯಲ್ಲಿ ಉಳಿಸಿದ ಹಣವೆಲ್ಲ ಚಿಕಿತ್ಸೆಗೆ ಸುರಿದುಹೋಯಿತು. ೧೯೭೯ರಲ್ಲಿ ಆತ ತೀರಿಕೊಂಡ. ದುಡಿದ ಕಾಲದಲ್ಲಿ ವಿಮೆಗೆ ಹಣ ಕಟ್ಟಿದ್ದ ಆತನಿಗೆ ಜರ್ಮನಿಯಿಂದ ಚಿಕಿತ್ಸೆಯ ನೆರವು ಪಡೆಯುವ ಹಕ್ಕಿತ್ತು. ಆ ಹಕ್ಕು ತನಗುಂಟೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ಮೊಪೆಡ್ ಕೊಟ್ಟ ದಿನ ಅಷ್ಟು ಜನ ಅಧಿಕಾರಿಗಳಿದ್ದರು. ಈ ಒಂದು ಮಾತು ಹೇಳುವುದಕ್ಕೆ ಒಬ್ಬನೂ ಇರಲಿಲ್ಲವಲ್ಲ ಎಂದು ನನಗೆ ಅನ್ನಿಸುತ್ತದೆ.

ಅತಿಥಿಗಳನ್ನು ಆರಿಸುತ್ತಿದ್ದ ಬಗೆಯೂ ಹಾಗೆಯೇ. ಇಸ್ತಾಂಬುಲಿನಲ್ಲಿದ್ದ ಜರ್ಮನ್ ಕಚೇರಿಯಲ್ಲಿ ವೈದ್ಯರು ಸಾಲಾಗಿ ನಿಂತವರ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು. ನಮ್ಮ ದನದ ಜಾತ್ರೆಯನ್ನು ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಹೀಗೆ ೧೯೬೫ರಲ್ಲಿ ಬರ್ಲಿನ್ನಿಗೆ ಬಂದು ಕಾರ್ಖಾನೆಯಲ್ಲಿ ರೇಡಿಯೊ ಕೊಳವೆಗಳನ್ನು ಜೋಡಿಸುತ್ತಿದ್ದ ತುರ್ಕಿಯ ಹುಡುಗಿಯೊಬ್ಬಳು ಒಂದಕ್ಷರ ಜರ್ಮನ್ ಅರಿಯಳು. ಅವಳೇ ಎಮಿನೆ ಸೆವ್ಗಿ ಓಜ್ದಮರ್. ಮುಂದೆ ಆ ಭಾಷೆಯಲ್ಲಿಯೇ ಕಾದಂಬರಿಗಳನ್ನು ಬರೆದು, ೨೦೨೨ರಲ್ಲಿ ಜರ್ಮನ್ ಸಾಹಿತ್ಯದ ಅತ್ಯುನ್ನತವಾದ ಬ್ಯೂಷ್ನರ್ ಪ್ರಶಸ್ತಿಯನ್ನು ಪಡೆದರು. ಕೈಗಳು ಬೇಕೆಂದು ಕರೆದ ದೇಶಕ್ಕೆ ಕೈಗಳ ಜೊತೆಯಲ್ಲಿ ಒಬ್ಬ ಲೇಖಕಿಯೂ ಬಂದಿಳಿದಿದ್ದಳು. ಪರವಾನಗಿಯಲ್ಲಿ ಅದಕ್ಕೊಂದು ಅಂಕಣವಿರಲಿಲ್ಲ.

ಎರಡು ವರ್ಷದ ಗಡುವು ಬಹುಕಾಲ ಬಾಳಲಿಲ್ಲ. ಅದನ್ನು ಮುರಿದವರು ದಯಾಳುಗಳಲ್ಲ, ಕಾರ್ಖಾನೆಗಳ ಒಡೆಯರು. ಕೆಲಸ ಕಲಿಸಿ ಕೈ ಪಳಗಿಸಿದ ಆಳನ್ನು ಎರಡು ವರ್ಷಕ್ಕೆ ಕಳಿಸಿ, ಹೊಸಬನಿಗೆ ಮತ್ತೆ ಓನಾಮದಿಂದ ಹೇಳಿಕೊಡುವುದು ನಷ್ಟದ ಬಾಬೆಂದು ಅವರು ಕಂಡುಕೊಂಡರು. ೧೯೬೪ರಲ್ಲಿ ತುರ್ಕಿಯ ಕರಾರಿನಿಂದ ಆ ಷರತ್ತು ಬಿದ್ದುಹೋಯಿತು. ೧೯೭೩ರಲ್ಲಿ ತೈಲದ ಬೆಲೆ ಏರಿ ಉದ್ಯಮಗಳು ತತ್ತರಿಸಿದಾಗ, ನವೆಂಬರ್ ೨೩ರಂದು ಹೊರನಾಡಿನ ಕೆಲಸಗಾರರ ನೇಮಕವನ್ನೇ ಸರಕಾರ ನಿಲ್ಲಿಸಿಬಿಟ್ಟಿತು. ಆಗ ಸುಮಾರು ೨೬ ಲಕ್ಷ ಮಂದಿ ವಿದೇಶೀಯರು ಅಲ್ಲಿ ಕೆಲಸದಲ್ಲಿದ್ದರು. ಬಾಗಿಲು ಹಾಕಿದರೆ ಒಳಗಿರುವವರು ಕ್ರಮೇಣ ಹೋಗುತ್ತಾರೆಂಬುದು ಲೆಕ್ಕಾಚಾರ. ನಡೆದದ್ದು ತದ್ವಿರುದ್ಧ. ಅಲ್ಲಿಯವರೆಗೆ ಊರಿಗೆ ಹೋದವನು ಬೇಕೆಂದಾಗ ಮತ್ತೆ ಬರಬಹುದಿತ್ತು. ಈಗ ಹೋದರೆ ಹೋದಂತೆಯೇ. ಆದುದರಿಂದ ಇದ್ದವರು ಕದಲಲಿಲ್ಲ; ಹೆಂಡತಿ ಮಕ್ಕಳನ್ನು ತಾವಿದ್ದಲ್ಲಿಗೇ ಕರೆಸಿಕೊಂಡರು.

ನ್ಯಾಯವಾಗಿ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ೧೯೫೫ರಿಂದ ೧೯೭೩ರವರೆಗೆ ಬಂದವರು ಸುಮಾರು ೧ ಕೋಟಿ ೪೦ ಲಕ್ಷ ಮಂದಿಯೆಂದೂ, ಅವರಲ್ಲಿ ೧ ಕೋಟಿ ೧೦ ಲಕ್ಷ ಮಂದಿ ಮರಳಿದರೆಂದೂ ಲೆಕ್ಕವಿದೆ. ಉಳಿದವರೂ ಉಳಿಯಬೇಕೆಂದು ಬಂದವರಲ್ಲ. ಇನ್ನೊಂದು ವರ್ಷ, ಮನೆ ಕಟ್ಟುವಷ್ಟು ಹಣವಾದರೆ ಸಾಕು, ಮಗನ ಓದು ಮುಗಿದರೆ ಸಾಕು ಎಂದು ಪೆಟ್ಟಿಗೆಯನ್ನು ಬಿಚ್ಚದೆಯೇ ಮೂವತ್ತು ವರ್ಷ ಕಳೆದವರು ಅವರು. ತಾವು ಅತಿಥಿಗಳೆಂಬ ಕಲ್ಪನೆ ಅವರಲ್ಲಿಯೂ ಇತ್ತು. ೧೯೮೩ರಲ್ಲಿ ಸರಕಾರ, ಕೆಲಸ ಕಳೆದುಕೊಂಡು ಊರಿಗೆ ಹೊರಡುವವರಿಗೆ ೧೦,೫೦೦ ಮಾರ್ಕು, ಜೊತೆಗೆ ಮಗುವೊಂದಕ್ಕೆ ೧,೫೦೦ ಮಾರ್ಕು ಕೊಡುವ ಕಾಯಿದೆ ಮಾಡಿತು. ಅತಿಥಿಗೆ ಎಲೆಯಡಿಕೆ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲೂ ಉಂಟು. ಬಂದವರು ಏಳದಿದ್ದಾಗ ಎಲೆಯಡಿಕೆಯನ್ನು ತಾವಾಗಿಯೇ ಮುಂದೆ ತಂದಿಡುವುದೂ ಉಂಟು.

ನಮ್ಮ ನೆರೆಯ ಕೇರಳದ ಹೆಣ್ಣುಮಕ್ಕಳು ಈ ಚರಿತ್ರೆಯಲ್ಲಿದ್ದಾರೆಂಬುದು ಬಹು ಜನರಿಗೆ ತಿಳಿಯದು. ೧೯೬೦ರ ದಶಕದಲ್ಲಿ ಕ್ರೈಸ್ತ ಸಂಸ್ಥೆಗಳ ಮೂಲಕ ಹೋದ ತರುಣಿಯರು ಅಲ್ಲಿನ ಆಸ್ಪತ್ರೆಗಳಲ್ಲಿ ದಾದಿಯರಾದರು. ಅವರನ್ನು ಮದುವೆಯಾಗಿ ಹೋದ ಗಂಡಂದಿರು, ಕಾಲೇಜು ಓದಿದವರಾದರೂ, ಹಲವು ವರ್ಷ ಕೆಲಸ ಮಾಡುವ ಅನುಮತಿಯಿಲ್ಲದೆ ಮನೆಯಲ್ಲಿ ಮಕ್ಕಳನ್ನು ಆಡಿಸುತ್ತ ಕೂರಬೇಕಾಯಿತು. ೧೯೭೦ರ ದಶಕದ ಕೊನೆಯ ಹೊತ್ತಿಗೆ ದಾದಿಯರು ಸಾಕೆನಿಸಿ, ಏಷ್ಯದವರ ಪರವಾನಗಿಗಳನ್ನು ಮುಂದುವರಿಸಲು ಹಲವೆಡೆ ಕಚೇರಿಗಳು ಒಪ್ಪದಾದುವು. ಕೊರಿಯಾದ ದಾದಿಯರು ಬೀದಿಯಲ್ಲಿ ನಿಂತು ರುಜು ಸಂಗ್ರಹಿಸಿ, ತಾವು ಬೇಕಾದಾಗ ತರಿಸಿ ಬೇಡವಾದಾಗ ಹಿಂತಿರುಗಿಸುವ ಸರಕಲ್ಲವೆಂದು ವಾದಿಸಿ ಉಳಿಯುವ ಹಕ್ಕನ್ನು ಗೆದ್ದುಕೊಂಡರು. ನಮ್ಮ ನೆರೆಯವರಲ್ಲಿ ಅನೇಕರು ಸದ್ದಿಲ್ಲದೆ ಮರಳಿದರು.

ಗಣಕಯಂತ್ರಗಳ ಕಾಲ ಬಂದಾಗ ಕಥೆ ಮತ್ತೆ ಮೊದಲಿನಿಂದ ಆರಂಭವಾಯಿತು. ೨೦೦೦ದ ಫೆಬ್ರವರಿಯಲ್ಲಿ ಹಾನೋವರಿನ ಯಂತ್ರಮೇಳದಲ್ಲಿ ಪ್ರಧಾನಿ ಗೆರ್ಹಾರ್ಡ್ ಶ್ರೋಡರ್ ‘ಗ್ರೀನ್ ಕಾರ್ಡ್’ ಎಂಬ ಯೋಜನೆಯನ್ನು ಸಾರಿದರು. ಆಗಸ್ಟ್ ೧ರಿಂದ ಅದು ಜಾರಿಗೆ ಬಂದಿತು. ೨೦,೦೦೦ ಗಣಕತಜ್ಞರಿಗೆ ಅವಕಾಶ. ಪದವಿಯಿರಬೇಕು ಅಥವಾ ವರ್ಷಕ್ಕೆ ೧,೦೦,೦೦೦ ಮಾರ್ಕಿನ ಸಂಬಳವಿರಬೇಕು. ಹೆಸರು ಅಮೆರಿಕದಿಂದ ಎರವಲು ತಂದದ್ದು. ಆದರೆ ಅಮೆರಿಕದ ಹಸಿರು ಚೀಟಿ ಶಾಶ್ವತ ನಿವಾಸದ್ದು, ಇದಕ್ಕೆ ಐದೇ ವರ್ಷದ ಆಯುಸ್ಸು. ಹಳೆಯ ಅತಿಥಿಗೇ ಹೊಸ ಅಂಗಿ. ಆ ವರ್ಷ ಒಂದು ಪ್ರಾಂತದ ಚುನಾವಣೆಯಲ್ಲಿ ವಿರೋಧಪಕ್ಷದ ನಾಯಕ ಯೂರ್ಗನ್ ರ‍್ಯೂಟ್ಗರ್ಸ್, ಭಾರತದವರನ್ನು ಕರೆಸುವ ಬದಲು ನಮ್ಮ ಮಕ್ಕಳಿಗೆ ಕಲಿಸಬೇಕೆಂಬ ವಾದ ಹೂಡಿದರು. ಜರ್ಮನ್ ಭಾಷೆಯಲ್ಲಿ ಮಕ್ಕಳಿಗೆ ‘ಕಿಂಡರ್’, ಭಾರತೀಯರಿಗೆ ‘ಇಂಡರ್’; ಸೊಗಸಾದ ಅಂತ್ಯಪ್ರಾಸ ಸಿಕ್ಕಿಬಿಟ್ಟಿತು. ಪ್ರಾಸಕ್ಕೆ ಕಟ್ಟುಬಿದ್ದು ಅರ್ಥ ಕೆಡಿಸಿಕೊಂಡ ಕವಿಗಳನ್ನು ನಾವು ಕಂಡಿದ್ದೇವೆ. ರಾಜಕಾರಣಿಗಳಿಗೂ ಆ ಮೋಹ ತಪ್ಪಲಿಲ್ಲ. ಆ ಚುನಾವಣೆಯಲ್ಲಿ ಅವರು ಗೆಲ್ಲಲಿಲ್ಲ. ಇತ್ತ ಗ್ರೀನ್ ಕಾರ್ಡೂ ಗೆಲ್ಲಲಿಲ್ಲ. ಇಪ್ಪತ್ತು ಸಾವಿರದ ಮಿತಿ ಕಡೆಗೂ ತುಂಬಲಿಲ್ಲ. ಐದು ವರ್ಷಕ್ಕೆಂದು ಬೇರು ಕಿತ್ತುಕೊಂಡು ಬರುವವರು ಯಾರು?

ಅಲ್ಲಿಂದ ಮುಂದೆ ಜರ್ಮನಿ ಕಲಿತ ಪಾಠಗಳು ಬೇಗಬೇಗ ಬಂದುವು. ೨೦೦೫ರ ವಲಸೆ ಕಾಯಿದೆ ಹಲವು ಬಗೆಯ ಚೀಟಿಗಳನ್ನು ಕೂಡಿಸಿ, ಗಡುವಿರುವ ನಿವಾಸದ ಅನುಮತಿ, ಗಡುವಿಲ್ಲದೆ ನೆಲೆಸುವ ಅನುಮತಿ ಎಂದು ಮುಖ್ಯವಾಗಿ ಎರಡನ್ನು ಉಳಿಸಿತು. ೨೦೧೨ರಲ್ಲಿ ಐರೋಪ್ಯ ಒಕ್ಕೂಟದ ‘ನೀಲಿ ಚೀಟಿ’ ಬಂದಿತು. ೨೦೨೦ರಲ್ಲಿ ಕುಶಲ ಕೆಲಸಗಾರರ ಕಾಯಿದೆ. ೨೦೨೪ರಲ್ಲಿ ನೌಕರಿ ಹುಡುಕಿಕೊಳ್ಳಲು ಒಂದು ವರ್ಷ ಬಂದಿರಬಹುದಾದ ಅವಕಾಶಪತ್ರ. ಅದೇ ವರ್ಷ ಭಾರತದ ಕುಶಲಿಗಳಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ ೨೦,೦೦೦ದಿಂದ ೯೦,೦೦೦ಕ್ಕೆ ಏರಿಸುವುದಾಗಿ ಪ್ರಧಾನಿ ಶೋಲ್ಟ್ಸ್ ದೆಹಲಿಗೆ ಬಂದು ಹೇಳಿಹೋದರು.

ನನ್ನ ವಿದ್ಯಾರ್ಥಿನಿ ಹೋದದ್ದು ಈ ನೀಲಿ ಚೀಟಿಯ ಮೇಲೆ. ಪದವಿ ಬೇಕು, ಗೊತ್ತಾದ ಸಂಬಳದ ನೌಕರಿ ಬೇಕು. ೨೦೨೫ರಲ್ಲಿ ಸಾಮಾನ್ಯ ಮಿತಿ ವರ್ಷಕ್ಕೆ ೪೮,೩೦೦ ಯೂರೊ. ಚೀಟಿಯ ಆಯುಸ್ಸು ಹೆಚ್ಚೆಂದರೆ ನಾಲ್ಕು ವರ್ಷ. ಗಂಡನಿಗೋ ಹೆಂಡತಿಗೋ ಮೊದಲ ದಿನದಿಂದಲೇ ಕೆಲಸ ಮಾಡುವ ಸ್ವಾತಂತ್ರ್ಯವಿದೆ. ಕೇರಳದ ಆ ಗಂಡಂದಿರ ದುರವಸ್ಥೆ ಈಗಿಲ್ಲ. ನೌಕರಿ ಹೋದರೆ ಮಾತ್ರ ಚೀಟಿಯ ಅವಧಿಯನ್ನು ಮೊಟಕು ಮಾಡುವ ಅಧಿಕಾರ ಕಚೇರಿಗೆ ಇದ್ದೇ ಇದೆ. ಇಪ್ಪತ್ತೇಳು ತಿಂಗಳು ದುಡಿದವರು ಶಾಶ್ವತವಾಗಿ ನೆಲೆಸುವ ಅನುಮತಿ ಕೇಳಬಹುದು. ಜರ್ಮನ್ ಭಾಷೆಯಲ್ಲಿ ಸಂಸಾರ ಸಾಗಿಸುವಷ್ಟು ಪರಿಣತಿಯ ಪರೀಕ್ಷೆ ಪಾಸು ಮಾಡಿದ್ದರೆ ಇಪ್ಪತ್ತೊಂದೇ ತಿಂಗಳು ಸಾಕು. ಭಾಷೆ ಕಲಿತವರಿಗೆ ಆರು ತಿಂಗಳ ಸೋಡಿ! ಭಾಷೆಯ ಮೇಷ್ಟರಾಗಿ ಈ ಒಂದು ನಿಯಮ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ.

ಹಾಗಾದರೆ ಆಕೆ ಇಪ್ಪತ್ತೊಂದು ತಿಂಗಳಿಗೇ ಏಕೆ ಕೇಳಲಿಲ್ಲ? ಕೇಳಿದೆ. “ನಾಲ್ಕು ವರ್ಷ ಇದ್ದು ಬಂದುಬಿಡೋಣ ಅಂತಿದ್ವಿ ಮೇಷ್ಟ್ರೆ. ಅಜ್ಜಿಗೂ ಹಾಗೇ ಹೇಳಿ ಬಂದಿದ್ದೆ” ಎಂದಳು. ಪೆಟ್ಟಿಗೆ ಬಿಚ್ಚದ ತುರ್ಕಿಯವರಂತೆಯೇ. ಅಷ್ಟರಲ್ಲಿ ಮಗಳು ಶಾಲೆಗೆ ಸೇರಿದಳು. ಆಟದ ಗೆಳತಿಯರೊಡನೆ ಜಗಳವಾಡುವಾಗ ಅವಳ ಬಾಯಿಗೆ ಬರುವುದು ಜರ್ಮನ್. ಜಗಳ ಯಾವ ಭಾಷೆಯಲ್ಲಿ ಬರುತ್ತದೆಯೋ ಮಗುವಿನ ಊರು ಅದೇ ಎಂದು ತಾಯಿಗೆ ಹೊಳೆಯಿತು. ಆಗ ಹಾಕಿದ ಅರ್ಜಿ ಅದು. ಆ ಅರ್ಜಿಯಿಂದ ಬಂದದ್ದು ಆ ಕಲ್ಪನೆಯ ಕಾಗದ. ಮುಂದೆ ಇನ್ನೊಂದು ಕವಲೂ ಇದೆ. ೨೦೨೪ರ ಜೂನ್‌ನಿಂದ ಐದು ವರ್ಷಕ್ಕೆ ಅಲ್ಲಿನ ಪೌರತ್ವ ಕೇಳಬಹುದು, ಹಳೆಯದನ್ನು ಬಿಡಬೇಕೆಂದು ಜರ್ಮನಿ ಈಗ ಒತ್ತಾಯಿಸುವುದಿಲ್ಲ. ನಮ್ಮ ಸಂವಿಧಾನ ಇಬ್ಬಗೆಯ ಪೌರತ್ವವನ್ನು ಒಪ್ಪದು. ಅಲ್ಲಿಯವಳಾದ ದಿನ ಅವಳು ಇಲ್ಲಿ ವಿದೇಶೀಯಳು. ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಅವಳು ಕೇಳಿದ ಕನ್ನಡ ಪದ. ‘ಕಲ್ಪಿತ ನಿವಾಸಪತ್ರ’ ಎಂದು ಒಂದನ್ನು ಟಂಕಿಸಿದೆ, ಚೆನ್ನಾಗಿಲ್ಲ. ಅದನ್ನು ಬಿಟ್ಟು, ಅವಳು ಕಾಯುತ್ತಿರುವ ಶಾಶ್ವತ ಅನುಮತಿಗೆ ಕನ್ನಡವೇನೆಂದು ಯೋಚಿಸುತ್ತ ಕಿಟೆಲ್ಲರ ಕೋಶವನ್ನು ತೆರೆದೆ. ಅಲ್ಲಿ ‘ಒಕ್ಕಲು’ ಕಣ್ಣಿಗೆ ಬಿದ್ದಿತು. ಒಕ್ಕಲೆಂದರೆ ವಾಸ, ಒಕ್ಕಲೆಂದರೆ ಬೇಸಾಯಗಾರ, ಇನ್ನೊಬ್ಬರ ನೆಲದಲ್ಲಿ ನಿಂತವನೂ ಒಕ್ಕಲೇ. ಒಕ್ಕಲುತನ ದುಡಿಮೆ, ಒಕ್ಕಲಾಗುವುದು ನೆಲೆಸುವುದು, ಒಕ್ಕಲೆಬ್ಬಿಸುವುದು ಓಡಿಸುವುದು. ಹೊಸ ಮನೆ ಹೊಕ್ಕರೆ ಮನೆಯೊಕ್ಕಲು. ದುಡಿಮೆಯನ್ನೂ ಇರುವಿಕೆಯನ್ನೂ ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಇಟ್ಟಿದ್ದರು. ದುಡಿದವನು ಅಲ್ಲಿಯವನು.

ಈ ಪದವನ್ನು ನನಗೆ ತೋರಿಸಿಕೊಟ್ಟವರೂ ಜರ್ಮನಿಯಿಂದ ಬಂದ ಕುಶಲ ಕೆಲಸಗಾರರೇ ಅಲ್ಲವೆ? ೧೮೩೩ರ ಸನ್ನದು ಶಾಸನ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದ ಮೇಲೆ, ೧೮೩೪ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿತು. ಅದರ ಹಿಂದೆ ನೇಯ್ಗೆ ಬಲ್ಲ ಹಾಲರ್ ಬಂದರು. ಖಾಕಿ ಬಣ್ಣ ಕಟ್ಟಿದ ಕೀರ್ತಿಯನ್ನು ಮಂಗಳೂರಿನವರು ಅವರಿಗೆ ಕೊಡುತ್ತಾರೆ. ೧೮೬೫ರಲ್ಲಿ ಹೆಂಚಿನ ಕಾರ್ಖಾನೆ ಹೂಡಿದ ಪ್ಲೆಬ್ಸ್ಟ್ ಬಂದರು. ೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್, ಸುಮಾರು ಎಪ್ಪತ್ತು ಸಾವಿರ ಪದಗಳ ಕೋಶವನ್ನು ೧೮೯೪ರಲ್ಲಿ ನಮ್ಮ ಕೈಗಿಟ್ಟರು. ಅವರು ಪ್ರಾಣ ಬಿಟ್ಟದ್ದು ೧೯೦೩ರಲ್ಲಿ, ತಮ್ಮ ನಾಡಿನ ಟ್ಯೂಬಿಂಗನ್ನಿನಲ್ಲಿ. ೧೯೧೪ರಲ್ಲಿ ಯುದ್ಧ ಹತ್ತಿದಾಗ ಇಲ್ಲಿದ್ದ ಜರ್ಮನ್ನರನ್ನು ಬ್ರಿಟಿಷ್ ಸರಕಾರ ಹಿಡಿದು ಶಿಬಿರಗಳಲ್ಲಿಟ್ಟು ಮುಂದೆ ಸಾಗಹಾಕಿತು. ಎಂಬತ್ತು ವರ್ಷ ಒಕ್ಕಲಾಗಿದ್ದವರು ಒಂದು ಬೆಳಿಗ್ಗೆ ಮತ್ತೆ ಪರಕೀಯರಾದರು. ಹೆಂಚು ಮಾತ್ರ ನಮ್ಮ ಮಾಡಿನ ಮೇಲೆ ಉಳಿಯಿತು.

ಇಷ್ಟನ್ನೂ ಅವಳಿಗೆ ಬರೆದೆ. ಕಳೆದ ತಿಂಗಳು ಉತ್ತರ ಬಂದಿತು. ಕಚೇರಿಯಿಂದ ತಾರೀಖು ಗೊತ್ತಾಗಿದೆ. ತರಬೇಕಾದ ಕಾಗದಗಳ ಪಟ್ಟಿ ಉದ್ದವಾಗಿದೆ: ಸಂಬ��ದ ಚೀಟಿಗಳು, ಪಿಂಚಣಿಗೆ ಹಣ ಕಟ್ಟಿದ ಲೆಕ್ಕ, ಭಾಷಾಪರೀಕ್ಷೆಯ ಪ್ರಮಾಣಪತ್ರ, ಮನೆಯ ಕರಾರು. ವಾಸಕ್ಕೆ ಸಾಕಷ್ಟು ಸ್ಥಳವಿದೆಯೆಂದು ತೋರಿಸಬೇಕಂತೆ. ಮನೆ ಎಷ್ಟು ಚದರ ಮೀಟರೆಂಬುದು ಕರಾರಿನಲ್ಲಿ ಇದೆಯಾದರೂ, ಅನುಮಾನಕ್ಕೆಡೆಯಿರಬಾರದೆಂದು ಗಂಡಹೆಂಡಿರು ಒಂದು ಭಾನುವಾರ ಟೇಪು ಹಿಡಿದು ಮನೆಯನ್ನು ಅಳೆದರಂತೆ. ಟೇಪಿನ ಒಂದು ತುದಿಯನ್ನು ಮಗಳು ಹಿಡಿದಿದ್ದಳು. ಅಜ್ಜಿಯ ವರ್ಷಾಂತಿಕಕ್ಕೆ ಮೂವರೂ ಬರುತ್ತೇವೆಂದು ಬರೆದಿದ್ದಾಳೆ.